ಹುಲೆಪ್ಪನ ರಬ್ಬರ್ ತಬಲಾ

ಬನಹಟ್ಟಿಯ ಭಜನಾ ಮೇಳಕ್ಕೆ ಹುಲೆಪ್ಪ ತಬಲಾ ಚಕ್ರವರ್ತಿ. ಚಕ್ರವರ್ತಿಗೆ ಕಿವಿ ಕೇಳುವುದಿಲ್ಲ ಎಂಬುದು ರಾಜ್ಯದ ಪರಮರಹಸ್ಯ. ಇಪ್ಪತ್ತಾರು ವರ್ಷ ಪಾವರ್‌ಲೂಮುಗಳ ನಡುವೆ ನಿಂತು ಸೀರೆ ನೇಯ್ದ ಪರಾಕ್ರಮಕ್ಕೆ ಆ ಮಗ್ಗಗಳು ಅವನ ಎರಡೂ ಕಿವಿಗಳನ್ನು ಕಪ್ಪವಾಗಿ ಒಯ್ದಿದ್ದವು. ಗೊತ್ತಿದ್ದದ್ದು ಹೆಂಡತಿ ತಾರವ್ವನಿಗೆ ಮಾತ್ರ. ಮೇಳದಲ್ಲಿ ಹಾಡುವವರ ತುಟಿ, ತಾಳದವರ ಕೈ ನೋಡಿಯೇ ಅವನು ನುಡಿಸುತ್ತಿದ್ದ. ಉಳಿದದ್ದನ್ನು ತಬಲಾದ ಚರ್ಮ ಬೆರಳಿಗೆ ಹೇಳುತ್ತಿತ್ತು. ವಾರವೆಲ್ಲ ಮಗ್ಗದ ಆಳಾಗಿದ್ದವನು ಸೋಮವಾರದ ಭಜನೆಯಲ್ಲಿ ಮನುಷ್ಯನಾಗುತ್ತಿದ್ದ. ಗುಟ್ಟು ಬಯಲಾದರೆ ಸೋಮವಾರವೂ ಇಲ್ಲ.

೧೯೯೪ರಲ್ಲಿ ಮೇಳದ ಹಿರಿಯ, ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರ ಲಗಮಪ್ಪನಿಗೆ ಹೊಸಗಾಲದ ಗಾಳಿ ಬಡಿಯಿತು. ಮಿರಜಿನಿಂದ ತಬಲಾದ ಬದಲಿಗೆ ಬಡಿಯುವ ಅಗ್ಗದ ಎಲೆಕ್ಟ್ರಾನಿಕ್ ಪ್ಯಾಡೊಂದನ್ನು ಹೊತ್ತು ತಂದ. ಶಾಲೆಯ ಪಾಟಿಯಷ್ಟು ಅಗಲ, ಮೇಲೆ ಎಂಟು ರಬ್ಬರ್ ಚೌಕ, ಮೂಲೆಯಲ್ಲಿ ಸದ್ದು ಬದಲಿಸುವ ಗುಂಡಿ, ಒತ್ತಿದಂತೆಲ್ಲ ಒಂದೊಂದೇ ಏರುವ ಕೆಂಪು ಅಂಕಿ. ಬಡಿದರೆ ದೂರದ ಸ್ಪೀಕರ್ ಡಬ್ಬಿಯಲ್ಲಿ ಸದ್ದು.

"ಮೂರನೇ ನಂಬರಿಗೆ ತಬಲಾ. ನಾಕಕ್ಕ ನಾಯಿ ಬೊಗಳತೈತಿ, ಸಣ್ಣ ಹುಡುಗರ ಸಲುವಾಗಿ. ಆ ಕಡೆ ಹೋಗಬ್ಯಾಡ ಮತ್ತ!" ಎಂದು ಹುಲೆಪ್ಪನಿಗೆ ಹೇಳಿಕೊಟ್ಟ.

ಮನೆಯಲ್ಲಿ ತಾರವ್ವ ಸಿಡಿದಳು. "ಬ್ಯಾಡಂತ ಹೇಳ್ರಿ. ಆ ರಬ್ಬರ್ ನಿಮಗೇನ್ ಹೇಳತೈತಿ?"

"ಬ್ಯಾಡ ಅಂದ್ರ ಯಾಕ ಅಂತಾರ. ಯಾಕ ಅಂದ್ರ ಏನ್ ಹೇಳ್ಲಿ?"

ನೂಲಿನ ವ್ಯಾಪಾರಿ ಮಹಾಲಿಂಗಪ್ಪ ತೀರಿಕೊಂಡಾಗ ಅಂಗಳದಲ್ಲಿ ಹೆಣದ ಮುಂದೆ ಭಜನೆ ಕೂತಿತು. ನಡುಮಧ್ಯಾಹ್ನದ ಬಿಸಿಲಿಗೆ ಪ್ಯಾಡಿನ ಕೆಂಪು ಅಂಕಿ ಕಾಣಲೊಲ್ಲದು. ಎಷ್ಟನೆಯದು ಎಂದು ಕೇಳಬಹುದಿತ್ತು. ಉತ್ತರ ಕೇಳುವುದು ಹೇಗೆ? ಹುಲೆಪ್ಪ ಗುಂಡಿ ಒತ್ತಿದ್ದನ್ನು ಬೆರಳಲ್ಲೇ ಎಣಿಸಿದ. ಒಂದು ಹೆಚ್ಚಾಯಿತು.

ತಾಳದವರ ಕೈ ನೋಡಿ ಲಯ ಹಿಡಿದುಕೊಂಡು, ಮಹಾಕಲಾವಿದರ ಗತ್ತಿನಲ್ಲಿ ಕಣ್ಣು ಮುಚ್ಚಿ ಕೈ ಎತ್ತಿದ. ಮುಧೋಳದ ಬೇಟೆನಾಯಿಗಳೆಲ್ಲ ಒಂದೇ ಮೊಲ ಕಂಡಂತೆ ಡಬ್ಬಿ ಬೊಗಳಿತು. ತಾಳ ಮಾತ್ರ ಕೂದಲೆಳೆಯಷ್ಟೂ ತಪ್ಪಲಿಲ್ಲ! ಅವನು ಕಣ್ಣು ತೆರೆದಾಗ ಜನ ಬಾಯಿಗೆ ಸೆರಗು, ವಸ್ತ್ರ ತುರುಕಿಕೊಂಡಿದ್ದರು, ಹೆಗಲುಗಳು ಕುಲುಕುತ್ತಿದ್ದವು. ತನ್ನ ಕೈಚಳಕಕ್ಕೆ ಮನೆಯೇ ಅಳುತ್ತಿದೆಯೆಂದು ಹಿಗ್ಗಿ ಹುಲೆಪ್ಪ ಲಯವನ್ನು ಇಮ್ಮಡಿ ಮಾಡಿದ.

ಲಗಮಪ್ಪ ಬಂದು ಅವನ ಮಣಿಕಟ್ಟು ಹಿಡಿದ. ಸತ್ತವರ ಮನೆಯವರೆದುರು ನಾಚಿ, ಮುಖವನ್ನು ಟಾವೆಲ್ಲಿನಲ್ಲಿ ಮುಚ್ಚಿಕೊಂಡೇ ಕೇಳಿದ: "ಕಿವಿ ಕೇಳ್ತಾವೇನ್ಲೇ ನಿನಗ?"

ತುಟಿ ಕಾಣದ ಹುಲೆಪ್ಪ ಕೈಮುಗಿದ. "ಎಲ್ಲಾ ನಿಮ್ಮ ಆಶೀರ್ವಾದರಿ, ಮಾಸ್ತರ."

ಆಮೇಲೆ ಯಾರೂ ನಗಲಿಲ್ಲ. ಹೆಣ ಎತ್ತುವ ಹೊತ್ತಿಗೆ ಹೆಗಲು ಕೊಡಲು ಒಬ್ಬ ಕಡಿಮೆ ಬಿದ್ದ. ಹುಲೆಪ್ಪನ ರಟ್ಟೆ ಹಿಡಿದು ಅಲ್ಲಿ ನಿಲ್ಲಿಸಿದರು. ಮೇಳ ಅವನನ್ನು ಬಿಟ್ಟು ಹಾಡುತ್ತ ಮುಂದೆ ನಡೆಯಿತು. ಹಿಂದಿನಿಂದ ಅವನಿಗೆ ಕಂಡದ್ದು ಬೆನ್ನುಗಳಷ್ಟೇ.