ಮಾರಿ ಎಂದರೆ ವಾಸಿ

ಅಕ್ಕನ ಎರಡು ಹೆಗಲ ಮೇಲೂ ಒಂದೊಂದು ಗುಳಿ ಇತ್ತು. ಒಳಉಡುಪಿನ ಪಟ್ಟಿ ವರ್ಷಗಟ್ಟಲೆ ಒತ್ತಿ ಮಾಡಿದ ಗುಳಿ. ಮಾತಾಡುತ್ತಲೇ ಹೆಬ್ಬೆರಳನ್ನು ಬ್ಲೌಸಿನೊಳಗೆ ತೂರಿಸಿ ಪಟ್ಟಿಯನ್ನು ಮೇಲಕ್ಕೆಳೆದುಕೊಳ್ಳುವುದು ಅವರ ಅಭ್ಯಾಸ. ಎರ್ನಾಕುಲಂನ ಬ್ಯಾಂಕಿನಲ್ಲಿ ಅವರು ನನ್ನ ಮೇಲಧಿಕಾರಿ, ಕಾಕ್ಕನಾಡಿನ ಫ್ಲ್ಯಾಟಿನಲ್ಲಿ ಎದುರು ಬಾಗಿಲಿನವರು. ಅವರು ಉಡುಪಿ ಕಡೆಯವರು, ನಾನು ಮೈಸೂರಿನವಳು. ಕಚೇರಿಯಲ್ಲಿ ಮೇಡಂ ಎನ್ನುತ್ತಿದ್ದೆ. ಫ್ಲ್ಯಾಟಿನ ಗೇಟು ದಾಟಿದ ಮೇಲೆ ಅಕ್ಕ.

ನಾನು ಊರಿಗೆ ಹೊಸಬಳಾಗಿದ್ದಾಗ ಜ್ವರ ಬಂದು ಮಲಗಿದ್ದೆ. ಕೆಳಗಿನ ಮನೆಯ ಮಲಯಾಳಿ ಹೆಂಗಸು ಬಾಗಿಲಲ್ಲಿ ನಿಂತು, "ಪನಿ ಮಾರಿಯೋ?" ಎಂದಾಗ ನಾನು ಬೆಚ್ಚಿ ಎದ್ದು ಕುಳಿತೆ. ಗಂಜಿ ತಂದಿದ್ದ ಅಕ್ಕ ನಕ್ಕುಬಿಟ್ಟರು.

"ಹೆದರ್ಬೇಡ ಮಾರಾಯ್ತಿ. ಜ್ವರ ಹೋಯ್ತಾ ಅಂತ ಕೇಳ್ತಿದ್ದಾರೆ. ಇಲ್ಲಿ ಮಾರಿ ಅಂದ್ರೆ ವಾಸಿ."

"ನಮ್ಮ ಕಡೆ ಮಾರಿ ಅಂದ್ರೆ ಬಾಗಿಲು ಹಾಕ್ಕೋತಾರೆ ಅಕ್ಕ."

"ನಮ್ಮಲ್ಲಿ ಓಡಿಸ್ತಾರೆ. ಮಳೆಗಾಲದ ಆಟಿ ತಿಂಗಳಲ್ಲಿ ಡೋಲು ಬಡಿದು ಊರಿನ ಗಡಿ ದಾಟಿಸಿ ಬರ್ತಾರೆ. ಆಚೆ ಊರಿನವರು ಅದನ್ನು ಮುಂದಿನ ಗಡಿಗೆ."

"ಕೊನೇ ಊರಿನವರು?"

"ಅದನ್ನು ಯಾರೂ ಕೇಳಿದ್ದೇ ಇಲ್ಲ ನೋಡು" ಎಂದು ಗಂಜಿಗೆ ಉಪ್ಪು ಹಾಕಿದರು.

ಅಕ್ಕನ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಗಳು ಕಳಮಶ್ಶೇರಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಳು. ಸಕ್ಕರೆ ಕಾಯಿಲೆಗೆ ಹೆದರಿ ಅಕ್ಕ ತೂಕ ಇಳಿಸಿದ ಮೇಲೆ ಎದೆ ಪೂರ್ತಿ ಜೋತುಬಿದ್ದಿತ್ತು. ಕೊಚ್ಚಿಯ ಬೆವರಿಗೆ ಅದರ ಅಡಿಯ ಚರ್ಮ ಕೆಂಪಾಗಿ ಉರಿಯುತ್ತಿತ್ತು. ಒಂದು ಭಾನುವಾರ ಚಹಾ ಕುಡಿಯುತ್ತ, "ಲಿಫ್ಟ್ ಮಾಡಿಸ್ತೇನೆ" ಎಂದರು. ನಮ್ಮ ಕಟ್ಟಡದ ಲಿಫ್ಟು ಆ ವಾರವೂ ಕೆಟ್ಟಿತ್ತು.

"ಅಸೋಸಿಯೇಷನ್‌ನವರು ಒಪ್ಪಿದ್ರಾ?" ಎಂದೆ.

ಚಹಾ ಅವರ ಮೂಗಿಗೆ ಹತ್ತಿತು. "ಅದಲ್ಲ ಪೆದ್ದೀ, ಇದು!" ಎಂದು ಎದೆ ತೋರಿಸಿದರು. ಆಮೇಲೆ ಸೋಫಾದ ದಿಂಬು ತೆಗೆದುಕೊಂಡು, ಡಾಕ್ಟರು ಹೇಳಿದ್ದನ್ನು ನನಗೆ ಒಪ್ಪಿಸಿದರು. "ದಿಂಬು ಅದೇ. ಕವರ್ ಮಾತ್ರ ಬಿಗಿ ಮಾಡೋದು. ಸಡಿಲ ಚರ್ಮ ತೆಗೀತಾರೆ, ಮೊಲೆತೊಟ್ಟನ್ನು ಮೇಲೆ ಕೂರಿಸ್ತಾರೆ. ಒಳಗಿನದ್ದು ಹೆಚ್ಚುಕಡಿಮೆ ಅಷ್ಟೇ ಇರ್ತದೆ, ಆದ್ರೆ ಎತ್ತಿ ಕಟ್ಟಿದ್ದರಿಂದ ಸಣ್ಣ ಆದ ಹಾಗೆ ಕಾಣ್ತದೆ. ಮೊದಲು ಮೇಲ್ಗಡೆ ಚಪ್ಪಟೆ, ಗಟ್ಟಿ. ಕೆಲವು ತಿಂಗಳಿಗೆ ಕೆಳಗಿಳಿದು ದುಂಡಗೆ ಸೆಟಲ್ ಆಗ್ತದಂತೆ."

ಈ ವಯಸ್ಸಿನಲ್ಲಿ ಯಾರಿಗೆ ತೋರಿಸಲು ಎಂದು ಊರಿನಿಂದ ಅವರ ಅತ್ತಿಗೆ ಫೋನಿನಲ್ಲಿ ಕೇಳಿದರಂತೆ. "ಸ್ನಾನದ ಮನೆ ಕನ್ನಡಿ ನನ್ನದೇ ಅಲ್ವಾ ಅತ್ತಿಗೆ?" ಎಂದು ಇವರು ಫೋನ್ ಇಟ್ಟರಂತೆ.

ಮೊದಲು ಎದೆಯ ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಆಯಿತು. ಯಾವ ದೋಷವೂ ಕಾಣಲಿಲ್ಲ. ಆಪರೇಷನ್ ಆದ ಮೇಲೆ ನರ್ಸ್ ಹುಡುಗಿ ಬಂದಾಗಲೆಲ್ಲ, "ವೇದನ ಮಾರಿಯೋ ಚೇಚೀ?" ಎನ್ನುತ್ತಿದ್ದಳು, ನೋವು ಹೋಯಿತೇ ಅಕ್ಕ ಎಂದು. ಅಕ್ಕ ನನ್ನತ್ತ ತಿರುಗಿ ಕಣ್ಣು ಮಿಟುಕಿಸಿ, "ಇನ್ನೂ ಬಂದಿಲ್ಲ ಮಾರಿ, ದಾರಿಯಲ್ಲಿ ಉಂಟು" ಎನ್ನುತ್ತಿದ್ದರು. ಆ ಮಾತಿಗೆ ನಾನು ಜೋರಾಗಿ ನಕ್ಕಿದ್ದು ಈಗಲೂ ಕಿವಿಯಲ್ಲಿದೆ.

ಡಾಕ್ಟರು ಹೇಳಿದಂತೆಯೇ ಆಯಿತು. ಬಿಗಿತ ಇಳಿಯಿತು, ಆಕಾರ ದುಂಡಗಾಯಿತು. ಹಳೆಯ ಬ್ಲೌಸುಗಳ ಟಕ್ಸ್ ಎಲ್ಲ ತಪ್ಪಾಗಿ, ಬಟ್ಟೆ ಹೊಟ್ಟೆಯ ಹತ್ತಿರ ಖಾಲಿ ಚೀಲದಂತೆ ನೇತಾಡಿತು. ಅವುಗಳನ್ನೆಲ್ಲ ಬಿಚ್ಚಿಸಿ ಹೊಲಿಸಿದರು. ನೆಟ್ಟಗೆ ನಡೆಯತೊಡಗಿದರು. ಹೆಬ್ಬೆರಳು ಮಾತ್ರ ಹಳೆಯ ರೂಢಿಯಲ್ಲಿ ಹೆಗಲಿಗೆ ಹೋಗಿ, ಎಳೆಯಲು ಏನೂ ಇಲ್ಲದೆ ಹಿಂದಕ್ಕೆ ಬರುತ್ತಿತ್ತು.

ಅಷ್ಟರಲ್ಲಿ ಅಕ್ಕನಿಗೆ ತಿರುವನಂತಪುರಕ್ಕೆ ಬಡ್ತಿಯ ಮೇಲೆ ವರ್ಗವಾಯಿತು. ಕೊಚ್ಚಿಯ ಡಾಕ್ಟರಿಗೆ ಮತ್ತೆ ತೋರಿಸುವುದು ಹಾಗೇ ತಪ್ಪಿಹೋಯಿತು. ಆಪರೇಷನ್ ಆಗಿ ವರ್ಷ ಕಳೆದ ಮೇಲೆ ನಾನು ರೈಲಿನಲ್ಲಿ ಅಲ್ಲಿಗೆ ಹೋದೆ. ಬಾಲ್ಕನಿಯಲ್ಲಿ ನೈಟಿ ತೊಟ್ಟು ಬಟ್ಟೆ ಒಣಹಾಕುತ್ತಿದ್ದರು. ಹಗ್ಗಕ್ಕೆ ಕೈ ಎತ್ತಿದಾಗ ಬಲಗಡೆ ಸಹಜವಾಗಿ ಕದಲಿತು. ಎಡಗಡೆ ಕದಲಲಿಲ್ಲ. ಒಳಗಿನಿಂದ ಯಾರೋ ದಾರ ಜಗ್ಗಿ ಹಿಡಿದಂತೆ ಅಲ್ಲೇ ನಿಂತಿತು.

"ಅಕ್ಕ, ಎಡಗಡೆ ಯಾಕೆ ಮೇಲಿದೆ?"

"ಸೆಟಲ್ ಆಗ್ತಾ ಉಂಟು ಮಾರಾಯ್ತಿ."

"ಸೆಟಲ್ ಆಗೋದು ಅಂದ್ರೆ ಕೆಳಗಿಳಿಯೋದು ಅಂತ ನೀವೇ ಹೇಳಿದ್ರಲ್ಲ. ಇದು ಮೇಲಕ್ಕೆ ಹೋಗ್ತಿದೆ."

"ನಮ್ಮ ಕಟ್ಟಡದ ಲಿಫ್ಟಿನ ಹಾಗೆ, ನಿಂತಲ್ಲಿ ನಿಲ್ಲೂದಿಲ್ಲ" ಎಂದು ನಕ್ಕರು. ನಾನು ನಗಲಿಲ್ಲ. ಅವರ ನಗುವೂ ಅರ್ಧಕ್ಕೆ ನಿಂತಿತು. ಕೈಯಲ್ಲಿದ್ದ ಒದ್ದೆ ಟವೆಲ್ಲಿನಿಂದ ನೀರು ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. "ಕೈ ಎತ್ತಿದ್ರೆ ಅಡಿಯಲ್ಲಿ ಒಂದು ಗುಳಿ ಬೀಳ್ತದೆ" ಎಂದರು ಮೆಲ್ಲಗೆ. "ಹೆಗಲಿನ ಗುಳಿ ಅಲ್ಲಿಗೆ ಬಂದು ಕೂತಿತು ಅಂತ ನೆನೆಸಿದೆ."

ಮರುದಿನವೇ ಇಬ್ಬರೂ ಆಸ್ಪತ್ರೆಗೆ ಹೋದೆವು. ಸ್ಕ್ಯಾನಿನ ಕೋಣೆಯಿಂದ ಹೊರಬಂದ ಹುಡುಗಿ ನಮ್ಮ ಮುಖ ನೋಡದೆ, "ಡಾಕ್ಟರ್ ಪರಯುಂ" ಎಂದಳು, ಡಾಕ್ಟರು ಹೇಳುತ್ತಾರೆ ಎಂದು. ಸೂಜಿ ಪರೀಕ್ಷೆ, ಮೂಳೆಯ ಸ್ಕ್ಯಾನ್ ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ನಿಧಾನವಾಗಿ ಹೇಳಿದರು. ಇದು ಕ್ಯಾನ್ಸರ್ ಗಡ್ಡೆ, ಆಪರೇಷನ್ನಿನಿಂದ ಬಂದದ್ದಲ್ಲ, ತಾನಾಗಿ ಬಂದದ್ದು. ಗಾಯದ ಗುರುತು ಕಾಲ ಕಳೆದಂತೆ ಮೆತ್ತಗಾಗುತ್ತದೆ. ಒಮ್ಮೆ ನೆಲೆಗೊಂಡ ಆಕಾರ ಮತ್ತೆ ಬದಲಾದರೆ, ಒಳಗೆ ಎಳೆದುಕೊಂಡರೆ, ಕಾಯಬಾರದು. ಇದು ಈಗಾಗಲೇ ಮೂಳೆಗೆ ಹೋಗಿದೆ.

ಆಟೋದಲ್ಲಿ ಅಕ್ಕ ವರದಿಯ ಕವರನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಆಮೇಲೆ, "ಗಡಿ ದಾಟಿಸಿ ಬಿಟ್ಟು ಬಂದೆ ಅಂತ ಇದ್ದೆ. ಎರ್ನಾಕುಲಂನಿಂದ ನಾನೇ ಸೊಂಟದಲ್ಲಿ ಎತ್ತಿಕೊಂಡು ಬಂದೆ ನೋಡು" ಎಂದರು.

ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ನನ್ನನ್ನು ಸ್ನಾನದ ಮನೆಗೆ ಎಳೆದುಕೊಂಡು ಹೋದರು. "ಕೈ ಎತ್ತು ಮಾರಾಯ್ತಿ. ಎರಡೂ. ನಾಚಿಕೆ ಗೀಚಿಕೆ ಬೇಡ." ಕನ್ನಡಿಯಲ್ಲಿ ನನ್ನ ಎರಡೂ ಪಕ್ಕವನ್ನು ಬಹಳ ಹೊತ್ತು ನೋಡಿ, "ನಿನ್ನದು ಸರಿ ಉಂಟು" ಎಂದು ಅಲ್ಲೇ ಕುಳಿತುಬಿಟ್ಟರು.

ಔಷಧಿ ಕೆಲವು ಕಾಲ ಹಿಡಿಯಿತು, ಆಮೇಲೆ ಹಿಡಿಯಲಿಲ್ಲ. ಮಗಳು ಓದು ಬಿಟ್ಟು ಬಂದು ಕೂತಳು. ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಚಿಕ್ಕಂದಿನಿಂದಲೂ ಮಲಯಾಳಂನಲ್ಲಿ ಉತ್ತರಿಸುವವಳು. "ಮಾರುಂ ಅಮ್ಮೇ, ಎಲ್ಲಾಂ ಮಾರುಂ" ಎಂದು ಕಾಲು ಒತ್ತುತ್ತಿದ್ದಳು. ಎಲ್ಲ ವಾಸಿಯಾಗುತ್ತದೆ ಎಂದು. ಆ ಮಾತಿಗೆ ಅಕ್ಕ ನನ್ನ ಕಡೆ ತಿರುಗುತ್ತಿರಲಿಲ್ಲ, ಕಣ್ಣನ್ನೂ ಮಿಟುಕಿಸುತ್ತಿರಲಿಲ್ಲ.

ಒಂದು ಬೆಳಗ್ಗೆ ಆಸ್ಪತ್ರೆಯ ಕಿಟಕಿಗೆ ಬಿಸಿಲು ಬೀಳುವ ಹೊತ್ತಿಗೆ ಅಕ್ಕ ತೀರಿಕೊಂಡರು. ವಯಸ್ಸಾದ ನರ್ಸ್ ಹೊದಿಕೆಯನ್ನು ಕತ್ತಿನವರೆಗೆ ಎಳೆದು, ಮಗಳ ತಲೆ ಸವರಿ, "ವೇದನ ಮಾರಿ, ಮೋಳೇ" ಎಂದರು. ನೋವು ಹೋಯಿತು ಮಗಳೇ ಎಂದು. ಮಗಳಿಗೆ ಕೇಳಿಸಿದ್ದು ಅಷ್ಟೇ. ನನ್ನ ಕನ್ನಡದ ಕಿವಿಗೆ ಮಾತ್ರ ಇನ್ನೊಂದೂ ಕೇಳಿಸಿತು. ಆ ಎರಡನ್ನೂ ಒಟ್ಟಿಗೆ ಕೇಳಿಸಿಕೊಂಡು ನಗಬಲ್ಲವರು ಹೊದಿಕೆಯಡಿ ಮಲಗಿದ್ದರು.

ಈಗ ಪ್ರತಿ ತಿಂಗಳೂ ಸ್ನಾನಕ್ಕೆ ಮುಂಚೆ ಕನ್ನಡಿಯ ಮುಂದೆ ಎರಡೂ ಕೈ ಎತ್ತಿ ನಿಲ್ಲುತ್ತೇನೆ. ಅಕ್ಕನ ಮಗಳಿಗೂ ಅದನ್ನು ಕಲಿಸಿದ್ದೇನೆ. ನೋಡಿಯಾದ ಮೇಲೆ ಅವಳು ಫೋನ್ ಮಾಡುತ್ತಾಳೆ. ಬೇರೆಲ್ಲ ಮಲಯಾಳಂನಲ್ಲೇ ಹೇಳುತ್ತಾಳೆ. ಇದೊಂದನ್ನು ಮಾತ್ರ ತಾಯಿಯ ಮಾತಿನಲ್ಲಿ ಹೇಳುತ್ತಾಳೆ: "ಆಂಟಿ, ನನ್ನದು ಸರಿ ಉಂಟು."