ಹೆಸರು ಹೇಳದ ಸೊಪ್ಪು

ಆಗ ನನಗೆ ಐವತ್ತೆರಡು. ಅದಾಗಿ ಹದಿನೆಂಟು ವರ್ಷ ಆಯಿತು. ಈಗ ಯಾಕೆ ನೆನಪಾಯಿತು ಅಂದರೆ, ನನ್ನ ಮಗ ನೆಗಡಿಗೆ ಅಂತ ಮೈಸೂರಿಂದ ಒಂದು ಡಬ್ಬಿ ಕ್ಯಾಪ್ಸೂಲು ತಂದವನೆ. ಮೊಮ್ಮಗಳು ಕಾವ್ಯ ಡಬ್ಬಿ ಮೇಲಿದ್ದದ್ದನ್ನ ಓದಿದಳು. "ಅಜ್ಜೀ, ಚೀನಾದವರ ಹಳೇ ಔಷಧಿಯಂತೆ. ಊತ ಇಳಿಸ್ತದಂತೆ, ವೈರಸ್ ತಡೀತದಂತೆ."

ಒಂದನ್ನ ಬಿಚ್ಚಿ ಪುಡಿ ನಾಲಿಗೆಗಿಟ್ಟೆ. ಥೂ! ನೆಲಬೇವು! ನಮ್ಮ ಹೊಗೆಸೊಪ್ಪು ಒಣಗಿಸೋ ಬ್ಯಾರನ್ ಮನೆ ಹಿಂದೆ ಕೇಳೋರಿಲ್ಲದೆ ಬೆಳೆಯೋ ಗಿಡ. ಇದು ಡಬ್ಬೀಲಿ ಬರಬೇಕಿತ್ತಾ, ನೀವೇ ಹೇಳಿ.

ಆ ವರ್ಷ ಚಿಕುನ್‌ಗುನ್ಯ ಬಂದು ನಮ್ಮೂರಿಗೆ ಊರೇ ಗೋಡೆ ಹಿಡಿದು ನಡೀತಿತ್ತು. ಕೀಲೆಲ್ಲ ಊದಿ ನನ್ನ ಕೈಲಿ ಚೊಂಬು ಎತ್ತೋಕೂ ಆಗ್ತಿರಲಿಲ್ಲ. ನನ್ನವ್ವ ಕಲಿಸಿದ ಹಾಗೆ ನೆಲಬೇವು ಕಾಯಿಸಿ ಕುಡಿದೆ. ಊತ ಇಳೀತು. ಸೊಪ್ಪಿನಿಂದಲೋ, ದಿನ ಕಳೆದದ್ದಕ್ಕೋ, ನಾ ಕಾಣೆ. ಜಂಬ ಮಾತ್ರ ಏರಿತು. ಕೇಳಿದವರಿಗೆಲ್ಲ ಕಷಾಯ ಕೊಟ್ಟೆ, ಏನು ಸೊಪ್ಪು ಅಂತ ಮಾತ್ರ ಬಾಯಿಬಿಡಲಿಲ್ಲ. ಹೆಸರು ಹೇಳಿದರೆ ಗುಣ ಹೋಗ್ತದೆ ಅಂತ ನಮ್ಮ ಕಡೆ ನಾಟಿ ಔಷಧಿ ಕೊಡೋರ ಕಟ್ಟುಪಾಡು. ನಸುಕಿನಲ್ಲೇ ಕಿತ್ತು ಸೆರಗಲ್ಲಿ ಮುಚ್ಚಿ ತರುತ್ತಿದ್ದೆ, ಕಳ್ಳಿ ಹಂಗೆ.

ಸೊಸೆ ಸವಿತಾ ಮದುವೆಯಾಗಿ ಬಂದು ಆರು ತಿಂಗಳಾಗಿತ್ತು. ಅವಳಿಗೂ ಜ್ವರ ಬಂತು. ಲೋಟ ಕೊಟ್ಟೆ.

"ಇದೇನ್ ಸೊಪ್ಪು ಅತ್ತೆ?"

"ಸುಮ್ನೆ ಕುಡಿಯಮ್ಮಿ."

"ಹೇಳುದ್ರೆ ಕುಡೀತೀನಿ."

"ಹೇಳುದ್ರೆ ಕುಡುದೂ ದಂಡ ಕಣೇ!"

ಮೂರು ದಿನ ಇದೇ ಜಗಳ. ಮೂರು ದಿನದ ಕಷಾಯವೂ ಕರಿಬೇವಿನ ಬುಡಕ್ಕೆ ಹೋಯಿತು. ನಾಲ್ಕನೇ ದಿನ ನನಗೆ ರೇಗಿ, ಅವಳ ಗದ್ದ ಹಿಡಿದು ಲೋಟ ತುಟಿಗಿಟ್ಟೆ. ತಳ್ಳಿಬಿಟ್ಟಳು.

"ಬುಡಿ ಅತ್ತೆ! ನಂಗೆ ಎರಡು ತಿಂಗಳು!"

"ಮೊದ್ಲೇ ಬೊಗಳಕ್ಕೇನಾಗಿತ್ತೇ?"

"ಮೂರು ತುಂಬೋಗಂಟ ಯಾರ್ಗೂ ಹೇಳ್ಬ್ಯಾಡ, ದೃಷ್ಟಿ ಆಯ್ತದೆ ಅಂದವ್ರೆ ನಮ್ಮವ್ವ."

ಅವಳಿಗೆ ಅವಳವ್ವನ ಕಟ್ಟು, ನನಗೆ ನನ್ನವ್ವನ ಕಟ್ಟು. ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಗುದ್ದಾಡಿದ್ದೆವು. ಲೋಟದಲ್ಲಿ ಉಳಿದದ್ದನ್ನ ನಾನೇ ಕರಿಬೇವಿನ ಬುಡಕ್ಕೆ ಚೆಲ್ಲಿದೆ. ಬಸುರಿಗೆ ಈ ಸೊಪ್ಪು ಕೂಡದು ಅಂತ ನನ್ನವ್ವ ಹೆಸರಿನ ಜತೆಗೇ ಹೇಳಿಕೊಟ್ಟಿದ್ದಳು. ಹೆಸರನ್ನ ಮುಚ್ಚಿಟ್ಟೆ, ಅದರ ಜತೆ ಆ ಮಾತೂ ಮುಚ್ಚಿಹೋಗಿತ್ತು. ಊರಲ್ಲಿ ಎಷ್ಟೋ ಮನೆಗೆ ಲೋಟ ಕೊಟ್ಟಿದ್ದೆ, ಬಸುರಿಯಾ ಅಂತ ಒಬ್ಬಳನ್ನೂ ಕೇಳಿರಲಿಲ್ಲ.

ಇದೆಲ್ಲ ನೆನಪಾಗಿ, ಬಸುರಿಗೆ ಕೂಡದು ಅನ್ನೋ ಮಾತು ಡಬ್ಬೀಲಿ ಬರೆದವ್ರಾ ನೋಡು ಅಂತ ಈಗ ಮೊಮ್ಮಗಳಿಗೆ ಅಂದೆ. ಆಗ ಹೊಟ್ಟೇಲಿದ್ದವಳು ಇದೇ ಕಾವ್ಯ. ಡಬ್ಬೀನ ಕಣ್ಣಿನ ಹತ್ತಿರ ಹಿಡಿದು ಹುಡುಕಿದಳು. "ಹೂಂ ಅಜ್ಜಿ, ತಳದಲ್ಲಿ ಅದೆ. ಇರುವೆ ಸಾಲಿನಂಗೆ." ಬರೆದವ್ರೆ, ಯಾರಿಗೂ ಕಾಣದ ಹಾಗೆ! ಬೈಯೋಣ ಅಂದುಕೊಂಡೆ. ನಾನೂ ಅವತ್ತು ಮುಚ್ಚಿಟ್ಟವಳೇ ಅಲ್ಲವಾ. "ಆ ಸಾಲನ್ನ ನಿಮ್ಮಪ್ಪನಿಗೂ ಓದಿ ಹೇಳು" ಅಂದೆ.

ಅವತ್ತು ಸವಿತಾ ತಳ್ಳಿದ ಮಾರನೇ ಬೆಳಿಗ್ಗೆ, ಬಿಸಿಲು ಏರಿದ ಮೇಲೆ, ಸೆರಗು ಮುಚ್ಚದೆ ಒಂದು ಕಂತೆ ನೆಲಬೇವು ಹಿಡಿದು ಲೋಟ ಕೊಟ್ಟಿದ್ದ ಮನೆ ಮನೆಗೂ ಹೋದೆ. ಬಾಗಿಲಲ್ಲೇ ನಿಂತು ಕೂಗಿದೆ: "ಇದು ನೆಲಬೇವು ಕಣ್ರವ್ವಾ! ಬಸುರಿ ಆಗಿದ್ರೆ ನಂಗೆ ಹೇಳ್ಬ್ಯಾಡಿ, ಕುಡೀಬ್ಯಾಡಿ ಅಷ್ಟೆ!"