ಕಲ್ಲುಗೋಡೆಯ ಕಂಡಿ

ಕೆರೂರಿನಿಂದ ಬಾದಾಮಿಗೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಸ್ವಲ್ಪ ಒಳಗೆ, ಕೆಂಪು ಕಲ್ಲಿನ ಎತ್ತರದ ಆವರಣವೊಂದಿದೆ. ನಾಲ್ಕು ಮೂಲೆಗೆ ನಾಲ್ಕು ಬುರುಜು. ನೋಡಿದವರು ಕೋಟೆ ಅನ್ನುತ್ತಾರೆ. ಅದು ಕೋಟೆಯಲ್ಲ, ಕುಷ್ಠರೋಗಿಗಳ ಆಸ್ಪತ್ರೆ. ಯಾವ ಕಾಲದಲ್ಲಿ ಯಾವ ಅರಸ ಕಟ್ಟಿಸಿದನೋ, ಬಾಗಿಲ ಬದಿಯ ಸವೆದ ಶಾಸನದಲ್ಲಿ ರೋಗಿಗಳ ಊಟಕ್ಕೆಂದು ಹೊಲ ಬಿಟ್ಟ ಮಾತಿದೆ. ಪುಣ್ಯಾತ್ಮನೇ ಇರಬೇಕು. ಆದರೆ ಆ ಬಾಗಿಲಿಗೆ ಅಗುಳಿ ಹಾಕುವ ತೂತುಗಳಿರುವುದು ಹೊರಗಡೆ. ವೈರಿಗೆ ಹೆದರಿದವನು ಅಗುಳಿಯನ್ನು ಒಳಗಿಡುತ್ತಾನೆ. ಇಷ್ಟು ತಿಳಿಯಲು ಇತಿಹಾಸ ಓದಬೇಕಿಲ್ಲ. ನಾನು ಓದಿದ್ದೇನೆ, ಬಾಗಲಕೋಟೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಕಲಿಸಿಯೂ ಇದ್ದೇನೆ.

ನಾನು ಚಿಕ್ಕವಳಿದ್ದಾಗಲೂ ಅಲ್ಲಿ ಏಳೆಂಟು ಜನ ಉಳಿದಿದ್ದರು. ಬಾಗಿಲಿಗೆ ಆಗ ಅಗುಳಿ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ, ಹೊರಗೆ ಬಂದರೆ ಊರವರು ಕಲ್ಲು ತೂರುತ್ತಿದ್ದರು. ಅಮಾವಾಸ್ಯೆಗೊಮ್ಮೆ ಅವ್ವ ಗೋಧಿ ಹುಗ್ಗಿ ಮಾಡಿ, ಗಡಿಗೆಯಲ್ಲಿ ತುಂಬಿ, ನನ್ನನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದಳು. ಗೋಡೆಯಲ್ಲಿ ನನ್ನ ಎದೆಮಟ್ಟಕ್ಕೆ ಒಂದು ಕಂಡಿ, ಒಳಗಡೆಗೆ ಇಳಿಜಾರು. ಅದರಲ್ಲಿ ಹುಗ್ಗಿ ಸುರಿದರೆ ಆಚೆಯವರು ಪಾತ್ರೆ ಹಿಡಿಯುತ್ತಿದ್ದರು.

"ಸುರುವಿ ಬಾ. ಬಾಯಿ ಬಿಡಬ್ಯಾಡ," ಎಂದು ಹೇಳಿ ಅವ್ವ ಬೇವಿನ ಮರದ ಕೆಳಗೆ ಗೋಡೆಗೆ ಬೆನ್ನು ಮಾಡಿ ನಿಲ್ಲುತ್ತಿದ್ದಳು.

ಒಂದು ಸಲ ಒಳಗಿಂದ ಮುದುಕಿಯೊಬ್ಬಳ ದನಿ ಬಂತು. "ಬಿಸಿ ಐತೇನವಾ? ನನ್ನ ಕೈಗೆ ತಿಳ್ಯಾಂಗಿಲ್ಲ."

ಹುಗ್ಗಿ ಹಬೆಯಾಡುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಹೇಳಿದ ಮಾತು ಕೇಳುವ ಮಗಳು ನಾನು.

ಆಕೆ ಅವ್ವನ ಹಡೆದವ್ವ ಎಂಬುದು ನನಗೆ ಗೊತ್ತಾದದ್ದು ನನ್ನ ಮದುವೆಯಾದ ಮೇಲೆ. ಮುಂಚೆ ತಿಳಿದರೆ ನಾನು ಎಲ್ಲಾದರೂ ಬಾಯಿಬಿಟ್ಟು ಸಂಬಂಧ ಮುರಿದೀತೆಂದು ಅವ್ವನಿಗೆ ಭಯವಿತ್ತು. ಅಷ್ಟರಲ್ಲಿ ಮುದುಕಿ ಸತ್ತು ಎಷ್ಟೋ ವರ್ಷವಾಗಿತ್ತು. ಅವ್ವನ ಮೇಲೆ ನನಗೆ ಬಂದ ಸಿಟ್ಟು ಆಕೆ ಸಾಯುವವರೆಗೂ ಇಳಿಯಲಿಲ್ಲ.

ಹೋದ ತಿಂಗಳು ನನ್ನ ಮಗಳ ಮದುವೆ ನಿಶ್ಚಯವಾಯಿತು. ಇಳಕಲ್ಲಿನಿಂದ ಬಂದ ಬೀಗರಿಗೆ ಬಾದಾಮಿ ತೋರಿಸಲು ಕರೆದೊಯ್ದೆ. ಗುಹೆಗಳನ್ನು ತೋರಿಸಿದ ಗೈಡ್ ಆ ಆವರಣಕ್ಕೂ ಕರೆತಂದ. ಮುಳ್ಳುಕಂಟಿ ಕಡಿದು ಅದನ್ನು ಚೊಕ್ಕ ಮಾಡಿದ್ದಾರೆ ಈಗ. ಆತ ಅದೇ ಕಂಡಿಯೊಳಗೆ ಕೈ ಹಾಕಿ ಹೇಳಿದ: "ವೈರಿಗೋಳು ಬಂದ್ರ ಇದರಾಗ ಕುದಿಯೋ ಎಣ್ಣಿ ಸುರುವತಿದ್ರು ನೋಡ್ರಿ."

ಒಳಕ್ಕೆ ಇಳಿಜಾರಿರುವ ಕಂಡಿಯಲ್ಲಿ ಎಣ್ಣೆ ಸುರಿದರೆ ಸುಡುವುದು ಯಾರನ್ನು, ಮೂರ್ಖ? ಕೇಳಲೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಬೀಗತಿ ನನ್ನತ್ತ ತಿರುಗಿದರು. "ನೀವು ಹಿಸ್ಟರಿ ಕಲಿಸಿದವ್ರು, ಖರೆ ಹೇಳ್ರಿ. ಇದು ಕುಷ್ಠದವರ ಜಾಗಾ ಅಂತ ಯಾರೋ ಅಂದಿದ್ರು. ಅಂಥಾ ಮನಿತನದ ನೆರಳೂ ಬ್ಯಾಡ್ರೀ ಯವ್ವಾ."

ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳಿಗೂ ಏನೂ ಗೊತ್ತಿಲ್ಲ. ನಾನು ಹೇಳಿಲ್ಲ.

"ಛೇ, ಇಲ್ರಿ," ಎಂದೆ. "ಇದು ಕೋಟೇನ. ಎಣ್ಣಿ ಸುರುವತಿದ್ರು, ಖರೆ ಐತಿ."

ಗೈಡ್ ಹಿಗ್ಗಿ ಹೀರೇಕಾಯಿಯಾದ. ಆಗಷ್ಟೇ ಬಂದ ಇನ್ನೊಂದು ಗುಂಪಿಗೆ ನನ್ನತ್ತ ಬೆರಳು ತೋರಿಸಿ ಕೂಗಿದ: "ಟೀಚರ್ ಅವ್ರೇ ಹೇಳ್ಯಾರ ನೋಡ್ರಿ!"

ಅವತ್ತು ಬಾಯಿ ಬಿಡಬೇಡವೆಂದು ಅವ್ವ ಹೇಳಿದ್ದಳು. ಈ ಸಲ ನನಗೆ ಯಾರೂ ಹೇಳಿರಲಿಲ್ಲ.